ಚುರುಕಿನ ನಾಯಿಯನ್ನು ಮರವಂತೆಯ ಕಡಲತೀರಕ್ಕೆ ಕರೆದೊಯ್ಯುವವರಿಗೆ

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಒಂದು ಬದಿಯ ಕಡಲಿಗೂ ಇನ್ನೊಂದು ಬದಿಯ ಸೌಪರ್ಣಿಕಾ ನದಿಗೂ ನಡುವೆ ಹಾದುಹೋಗುವುದರಿಂದ, ಅಲೆಗಳನ್ನು ಕಂಡೊಡನೆ ಜಿಗಿಯುವ ಸ್ವಭಾವದ ನಾಯಿಗೆ ಕಾರಿನ ಬಾಗಿಲು ತೆರೆಯುವ ಮೊದಲೇ ಎದೆಪಟ್ಟಿಯನ್ನು ತೊಡಿಸಿ ಹಗ್ಗವನ್ನು ಬಿಗಿದಿರಬೇಕು. ಕತ್ತಿನ ಪಟ್ಟಿಯೊಂದನ್ನೇ ನಂಬುವುದು ಸರಿಯಲ್ಲ. ನಾಯಿ ಹಿಂದಕ್ಕೆ ಎಳೆದರೆ ಅದು ತಲೆಯಿಂದ ಕಳಚಿಬರಬಹುದು. ಬಿಸಿಲೇರಿದ ಮರಳು ಪಾದಗಳನ್ನು ಸುಡುತ್ತದೆ. ಅಲ್ಲದೆ ನಾಯಿ ಮುಖ್ಯವಾಗಿ ಏದುಸಿರಿನಿಂದಲೇ ಮೈಯ ಕಾವನ್ನು ಇಳಿಸಿಕೊಳ್ಳುವುದರಿಂದ ಕರಾವಳಿಯ ತೇವಭರಿತ ಸೆಕೆಯಲ್ಲಿ ಬೇಗ ಬಳಲುತ್ತದೆ. ಆದ್ದರಿಂದ ಮುಂಜಾನೆಯೇ ಹೋಗಿರಿ. ಆಟದ ಹುರುಪಿನಲ್ಲಿ ಉಪ್ಪುನೀರನ್ನು ನುಂಗಿದರೆ ವಾಂತಿ, ಭೇದಿ ಕಾಣಿಸಿಕೊಳ್ಳಬಹುದಾದ ಕಾರಣ, ಬಾಯಾರುವ ಮುನ್ನವೇ ಸಿಹಿನೀರನ್ನು ಆಗಾಗ ಕುಡಿಸುತ್ತಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಎಷ್ಟೇ ಚೆನ್ನಾಗಿ ಈಜಬಲ್ಲ ನಾಯಿಯಾದರೂ, ಆ ಕಡಲಿಗೆ ಇಳಿಸಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಂತಿರುಗುವ ಮುನ್ನ ಕಾಲ್ಬೆರಳ ಸಂದುಗಳನ್ನು ಸಿಹಿನೀರಿನಿಂದ ತೊಳೆದು, ಕಿವಿಗಳನ್ನು ಒರೆಸಿ ಒಣಗಿಸಿರಿ.