ಸೋಲೆಂಟ್‌ನಲ್ಲಿ ಓಡಾಡುವ ಸಣ್ಣ ದೋಣಿಗೆ ಅಗ್ಗದ ಎಐಎಸ್ ರಿಸೀವರ್

ಸೌತಾಂಪ್ಟನ್, ಪೋರ್ಟ್ಸ್‌ಮತ್ ಕಡೆ ನೆಲೆಸಿ ಏಳೆಂಟು ಮೀಟರಿನ ಹಳೇ ಹಾಯಿದೋಣಿ ಕೊಂಡವರು ಮೊದಲು ತಿಳಿದಿರಬೇಕಾದ ನಿಯಮ ಒಂದಿದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಗೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವಿನ ಜಲಸಂಧಿ ಸೋಲೆಂಟ್. ಅದರ ಪ್ರಿಕಾಷನರಿ ಏರಿಯಾದಲ್ಲಿ (ವಿಶೇಷ ಎಚ್ಚರ ವಹಿಸಬೇಕಾದ ಪ್ರದೇಶ) 150 ಮೀಟರಿಗಿಂತ ಉದ್ದದ ಹಡಗು ಸಾಗುವಾಗ ಅದರ ಮುಂದೆ 1000 ಮೀಟರ್, ಅಕ್ಕಪಕ್ಕ 100 ಮೀಟರ್ ಜಾಗಕ್ಕೆ 20 ಮೀಟರಿಗಿಂತ ಚಿಕ್ಕ ದೋಣಿಗಳು ನುಗ್ಗುವಂತಿಲ್ಲ. ಪೂರ್ವದಿಂದ ಬರುವ ಕಂಟೇನರ್ ಹಡಗು ನೇರ ಹೋಗುತ್ತದೆ ಅಂತ ನೀವು ನಂಬಿರುವಾಗಲೇ ಕೌಸ್ ಎದುರು, ವೆಸ್ಟ್ ಬ್ರಾಂಬಲ್ ಬೋಯ್ (ತೇಲುವ ಗುರುತು) ಹತ್ತಿರ, ಬಲಕ್ಕೆ ಹೊರಳುತ್ತದೆ. ಹಡಗಿನ ವೇಗ, ಹೊರಳುತ್ತಿರುವ ದಿಕ್ಕು ಎಲ್ಲವನ್ನೂ ಅದರ ಎಐಎಸ್ (ಹಡಗಿನ ಗುರುತು, ಸ್ಥಾನಗಳನ್ನು ರೇಡಿಯೋದಲ್ಲಿ ತಾನಾಗಿಯೇ ತಿಳಿಸುವ ವ್ಯವಸ್ಥೆ) ಕೆಲವೇ ಸೆಕೆಂಡಿಗೊಮ್ಮೆ, ಹೆಸರನ್ನು ಆರು ನಿಮಿಷಕ್ಕೊಮ್ಮೆ ಸಾರುತ್ತಲೇ ಇರುತ್ತದೆ. ಅದನ್ನು ಕೇಳಿಸಿಕೊಳ್ಳಲು 100 ಪೌಂಡಿನೊಳಗೆ ಸಾಮಾನು ಸಾಕು.

ಬ್ರಿಟನ್‌ನಲ್ಲಿ ಬರೀ ಕೇಳುವ ರಿಸೀವರಿಗೆ ಲೈಸೆನ್ಸ್ ಬೇಡ, ಎಂಎಂಎಸ್ಐ ಸಂಖ್ಯೆಯೂ (ದೋಣಿಯ ರೇಡಿಯೋಗೆ ಕೊಡುವ ಗುರುತಿನ ಸಂಖ್ಯೆ) ಬೇಡ. ಪ್ರಸಾರವನ್ನೂ ಮಾಡುವ, ಸಣ್ಣ ದೋಣಿಗಳ ಕ್ಲಾಸ್ ಬಿ ಎಐಎಸ್ ಯಂತ್ರ ಹಾಕಿದರೆ ಸಂವಹನ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ನ ಶಿಪ್ ರೇಡಿಯೋ ಲೈಸೆನ್ಸ್ ಬೇಕು. ಆನ್‌ಲೈನಿನಲ್ಲಿ ಪಡೆದರೆ ಅದು ಉಚಿತ.

ಬೇಕಾದದ್ದು ಇಷ್ಟು: ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ರೇಡಿಯೋ ರಿಸೀವರ್), ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಯುಎಸ್‌ಬಿ ಜಿಪಿಎಸ್, 12 ವೋಲ್ಟಿನಿಂದ 5 ವೋಲ್ಟ್ ಮಾಡುವ ಕನ್ವರ್ಟರ್, 3 ಆಂಪ್ ಫ್ಯೂಸ್. ಡಾಂಗಲ್ ವಿಷಯದಲ್ಲಿ ಜಿಪುಣತನ ಬೇಡ, ಟಿಸಿಎಕ್ಸ್ಓ (ಬಿಸಿ-ತಂಪಿಗೆ ಆವರ್ತನ ಕದಲದಂತೆ ಹಿಡಿದಿಡುವ ಸ್ಫಟಿಕ) ಇರುವುದನ್ನೇ ತೆಗೆದುಕೊಳ್ಳಿ. ತೀರಾ ಅಗ್ಗದ್ದರಲ್ಲಿ ಆವರ್ತನದಲ್ಲಿ 60 ಪಿಪಿಎಂ (ಹತ್ತು ಲಕ್ಷಕ್ಕೆ 60 ಪಾಲು) ತಪ್ಪು ಸಾಮಾನ್ಯ. 162 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 10 ಕಿಲೋಹರ್ಟ್ಸ್ ಆಯಿತು. ಎಐಎಸ್ ಚಾನೆಲಿನ ಅಗಲವೇ 25. ತಿದ್ದದೆ ಬಿಟ್ಟರೆ ಪಕ್ಕದಲ್ಲೇ ನಿಂತ ಹಡಗೂ ಕಾಣಿಸದು.

ಕೈಬಿಚ್ಚಿ ಖರ್ಚು ಮಾಡಬೇಕಾದ್ದು ಆಂಟೆನಾಕ್ಕೆ. ಡಾಂಗಲ್ ಜೊತೆ ಬರುವ ಡೈಪೋಲ್ ಆದರೆ ಎರಡೂ ಕಡ್ಡಿಗಳನ್ನು 44 ಸೆಂಟಿಮೀಟರಿಗೆ ಎಳೆದು, ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ, ನೆಟ್ಟಗೆ ನಿಲ್ಲಿಸಿ. ಅಡ್ಡ ಮಲಗಿಸಿದರೆ ಕೆಲಸಕ್ಕೆ ಬಾರದು, ಹಡಗುಗಳ ರೇಡಿಯೋ ಅಲೆಯ ಕಂಪನ ಲಂಬವಾಗಿಯೇ ಇರುತ್ತದೆ. ಎತ್ತರವೂ ಮುಖ್ಯ: ನಿಮ್ಮ ಆಂಟೆನಾ ನೀರಿನಿಂದ 4 ಮೀಟರ್, ಹಡಗಿನದು 25 ಮೀಟರ್ ಇದ್ದರೆ ಸುಮಾರು 15 ನಾಟಿಕಲ್ ಮೈಲಿ ದೂರದವರೆಗೆ ಸಿಗ್ನಲ್ ಸಿಗುತ್ತದೆ. ಅದೇ ಇನ್ನೊಂದು ಸಣ್ಣ ದೋಣಿಯ ಕ್ಲಾಸ್ ಬಿ ಆದರೆ ಐದಾರು ಮೈಲಿಗೇ ಮುಗಿಯಿತು. ಅದರ ಶಕ್ತಿ ಸಾಮಾನ್ಯವಾಗಿ 2 ವ್ಯಾಟ್, ದೊಡ್ಡ ಹಡಗಿನದು 12.5. ಹೊರಗಿನ ಕೀಲುಗಳಿಗೆಲ್ಲ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಕೇಬಲ್ಲಿನೊಳಗೆ ಉಪ್ಪುನೀರು ಇಳಿದರೆ ತಾಮ್ರದ ಹೆಣಿಗೆ ಹಸಿರು ಕಟ್ಟಿಕೊಂಡು ಸಿಗ್ನಲ್ ಮೆಲ್ಲಗೆ ಸಾಯುತ್ತದೆ.

ದೋಣಿಯ ವಿಎಚ್ಎಫ್ (ಮಾತಾಡುವ ರೇಡಿಯೋ) ಆಂಟೆನಾ ಸುಮ್ಮನೆ ಇದೆಯಲ್ಲ ಅಂತ ಅದಕ್ಕೊಂದು ಟಿ ಜಾಯಿಂಟ್ ಹಾಕಿ ಡಾಂಗಲ್ ಚುಚ್ಚಬೇಡಿ. ಮೈಕಿನ ಗುಂಡಿ ಒತ್ತಿದ ಕ್ಷಣ 25 ವ್ಯಾಟ್ ನುಗ್ಗಿ ಡಾಂಗಲ್ ಸುಟ್ಟುಹೋಗುತ್ತದೆ. ಹಂಚಿಕೊಳ್ಳಲೇಬೇಕಿದ್ದರೆ ಅದಕ್ಕೆಂದೇ ಮಾಡಿದ ಸ್ಪ್ಲಿಟರ್ ಬಳಸಿ. ಬೇರೆ ಆಂಟೆನಾ ಇದ್ದರೂ ನೀವು ಮಾತಾಡುವಷ್ಟು ಹೊತ್ತು ಪರದೆಯ ಹಡಗುಗಳು ನಿಂತಂತೆ ಕಾಣುತ್ತವೆ, ಗಾಬರಿ ಬೇಡ.

ಪೈನಲ್ಲಿ ಎಐಎಸ್-ಕ್ಯಾಚರ್ ಎಂಬ ಸಾಫ್ಟ್‌ವೇರ್ ಹಾಕಿ. 161.975 ಮತ್ತು 162.025 ಎರಡೂ ಚಾನೆಲ್ಲುಗಳನ್ನು ಅದು ಒಟ್ಟಿಗೇ ಕೇಳುತ್ತದೆ. ಡಾಂಗಲ್ ಸಿಗುತ್ತಿಲ್ಲ ಎಂದು ಗೊಣಗಿದರೆ ಲಿನಕ್ಸ್ ಅದನ್ನು ಟಿವಿ ಟ್ಯೂನರ್ ಅಂದುಕೊಂಡು ಮೊದಲೇ ಹಿಡಿದಿಟ್ಟಿರುತ್ತದೆ. ಆ ಡಿವಿಬಿ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್‌ಗೆ ಸೇರಿಸಿ ಪೈ ರೀಸ್ಟಾರ್ಟ್ ಮಾಡಿ. ಬಂದ ಸಾಲುಗಳನ್ನು ಯುಡಿಪಿ ಎಂಬ ನೆಟ್‌ವರ್ಕ್ ವಿಧಾನದಲ್ಲಿ 10110ನೇ ಪೋರ್ಟಿಗೆ ಕಳಿಸಿ, ಸಮುದ್ರ ನಕ್ಷೆ ತೋರಿಸುವ ಸಾಫ್ಟ್‌ವೇರ್ ಓಪನ್‌ಸಿಪಿಎನ್‌ನಲ್ಲಿ ಅದೇ ಪೋರ್ಟ್ ಕೊಡಿ. ಜಿಪಿಎಸ್ ಜೋಡಿಸದಿದ್ದರೆ ಹಡಗುಗಳೇನೋ ಕಾಣುತ್ತವೆ, ಆದರೆ ಎಷ್ಟು ಹತ್ತಿರ ಹಾದುಹೋಗುತ್ತವೆ ಎಂಬ ಲೆಕ್ಕ ಬರದು. ದೋಣಿ ಕಟ್ಟಿದ ಜಾಗದಲ್ಲೇ ಪರೀಕ್ಷೆಗೆ ಐಲ್ ಆಫ್ ವೈಟ್ ಫೆರ್ರಿಗಳಿವೆ. ಹಡಗಿನ ಎಂಎಂಎಸ್ಐ ಸಂಖ್ಯೆ 232ರಿಂದ 235ರವರೆಗಿನ ಯಾವುದರಿಂದಲಾದರೂ ಶುರುವಾದರೆ ಬ್ರಿಟಿಷ್ ಹಡಗು. 419 ಕಂಡರೆ ನಮ್ಮ ದೇಶದ್ದು.

ಮರೀನಾದಲ್ಲಿ ಚೆನ್ನಾಗಿದ್ದು ಕತ್ತಲಾದ ಮೇಲೆ ಎಲ್ಲ ಮಾಯವಾದರೆ ದೀಪಗಳ ಮೇಲೆ ಅನುಮಾನ ಪಡಿ. ಅಗ್ಗದ ಎಲ್‌ಇಡಿ ಬಲ್ಬಿನ ಡ್ರೈವರ್ ವಿಎಚ್ಎಫ್‌ನಲ್ಲಿ ಗಲಾಟೆ ಎಬ್ಬಿಸುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತ್ತು. ಒಂದೊಂದೇ ಆರಿಸಿ ನೋಡಿ, ಹಾಯಿಕಂಬದ ಮೇಲಿನ ಮಾಸ್ಟ್‌ಹೆಡ್ ದೀಪದಿಂದ ಶುರುಮಾಡಿ. 5 ವೋಲ್ಟ್ ಕನ್ವರ್ಟರೂ ಇದೇ ಜಾತಿಯದು. ಅದರ ಎರಡೂ ಕಡೆ ಫೆರೈಟ್ ಕ್ಲಿಪ್ (ಗಲಾಟೆ ತಡೆಯಲು ತಂತಿಗೆ ಹಾಕುವ ಕಾಂತೀಯ ತುಂಡು) ಹಾಕಿ, ಆಂಟೆನಾ ಕೇಬಲ್ಲಿನಿಂದ ದೂರ ಇಡಿ. ಮೇನ್ ಸ್ವಿಚ್ ಆರಿಸುವ ಮುನ್ನ ಪೈಯನ್ನು ಶಟ್‌ಡೌನ್ ಮಾಡದಿದ್ದರೆ ಮೆಮೊರಿ ಕಾರ್ಡ್ ಒಂದಲ್ಲ ಒಂದು ದಿನ ಕೆಡುತ್ತದೆ. ಇನ್ನೊಂದು ಕಾರ್ಡಿಗೆ ನಕಲು ಮಾಡಿ ಒಣಗಿದ ಡಬ್ಬಿಯಲ್ಲಿಡಿ.

ಪರದೆ ಖಾಲಿ ಇದ್ದ ಮಾತ್ರಕ್ಕೆ ನೀರು ಖಾಲಿ ಅಲ್ಲ. ವಿಹಾರದೋಣಿಗಳಿಗೆ ಎಐಎಸ್ ಕಡ್ಡಾಯವಿಲ್ಲ, ಪೋರ್ಟ್ಸ್‌ಮತ್‌ನ ಯುದ್ಧನೌಕೆಗಳು ಬೇಕೆಂದಾಗ ಆರಿಸಿಕೊಳ್ಳುತ್ತವೆ. ಸೌತಾಂಪ್ಟನ್ ವಿಟಿಎಸ್ (ಹಡಗು ಸಂಚಾರ ನಿಯಂತ್ರಣ) ಚಾನೆಲ್ 12ರಲ್ಲಿ, ಪೋರ್ಟ್ಸ್‌ಮತ್ ಬಂದರಿನ ನಿಯಂತ್ರಣ 11ರಲ್ಲಿ. ವಿಎಚ್ಎಫ್ ಅನ್ನು ಅಲ್ಲೇ ಬಿಟ್ಟಿರಿ.