ಅಡಿಕೆ ಧಾರಣೆ ಗ್ರೂಪಿನಲ್ಲಿ ಒಂದು ಪ್ರಬಂಧ

ಹಿಂದೆ ಪುಸ್ತಕದ ಪ್ರಚಾರ ದೊಡ್ಡ ಕೆಲಸವೇನೂ ಆಗಿರಲಿಲ್ಲ. ಎರಡು ಪ್ರತಿ ಕವರಿಗೆ ಹಾಕಿ, ಮೇಲೆ 'ವಿಮರ್ಶೆಗಾಗಿ' ಎಂದು ಬರೆದು, ಪತ್ರಿಕೆಗಳ ಸಾಪ್ತಾಹಿಕ ಪುರವಣಿಗೆ ಕಳಿಸಿದರೆ ಆಯಿತು. ಭಾನುವಾರ ವಿಮರ್ಶೆ ಬಂದರೆ ಸೋಮವಾರ ಅಂಗಡಿಯವರು ಫೋನ್ ಮಾಡುತ್ತಿದ್ದರು. ವಿಮರ್ಶೆ ಬರದಿದ್ದರೂ 'ಸಾದರ ಸ್ವೀಕಾರ'ದಲ್ಲಿ ಪುಸ್ತಕದ ಹೆಸರು, ಪುಟ, ಬೆಲೆ ಬರುತ್ತಿತ್ತು. ನಾನು ಕೆಲವು ವರ್ಷ ಒಂದು ದಿನಪತ್ರಿಕೆಯ ಪುರವಣಿ ವಿಭಾಗದಲ್ಲಿ ಕೂತು ಆ ಕವರುಗಳನ್ನು ಒಡೆಯುತ್ತಿದ್ದವನು. ಈಗ ಕವರು ಕಳಿಸುವ ಕಡೆ ಇದ್ದೇನೆ, ಬೆಂಗಳೂರಿನ ಒಂದು ಸಣ್ಣ ಪ್ರಕಾಶನದಲ್ಲಿ. ಕರಡು ತಿದ್ದುವುದರಿಂದ ಹಿಡಿದು ಪಾರ್ಸೆಲ್ ಕಟ್ಟುವವರೆಗೆ ಎಲ್ಲದಕ್ಕೂ ಇರುವುದು ಮೂರೇ ಜನ.

ಪುರವಣಿಯಲ್ಲಿ ಪುಸ್ತಕ ಆರಿಸುವುದು ಹೇಗೆ ಅಂತ ಈಗಲೂ ಲೇಖಕರು ನನ್ನನ್ನು ಕೇಳುತ್ತಾರೆ. ಅದರಲ್ಲಿ ಗುಟ್ಟೇನಿಲ್ಲ. ಮೇಜಿನ ಪಕ್ಕ ರಾಶಿ ಬಿದ್ದಿರುತ್ತಿತ್ತು, ಜಾಗ ಇರುತ್ತಿದ್ದುದು ಎರಡು ಮೂರು ಪುಸ್ತಕಕ್ಕೆ. ಹೆಸರಾದವರ ಪುಸ್ತಕ ತಾನಾಗಿಯೇ ಮೇಲೆ ಬರುತ್ತಿತ್ತು. ಉಳಿದವುಗಳಲ್ಲಿ ಕೈಗೆ ಹತ್ತುತ್ತಿದ್ದುದು ಒಳಗೆ ಚೀಟಿ ಇಟ್ಟ ಪುಸ್ತಕ. 'ಪುರಸೊತ್ತಿಲ್ಲದಿದ್ದರೆ 47ನೇ ಪುಟ ಮಾತ್ರ ನೋಡಿ' ಅಂತ ಪೆನ್ನಿನಲ್ಲಿ ಬರೆದ ಚೀಟಿ. ಬೆನ್ನುಡಿಯಲ್ಲಿ 'ಮನೋಜ್ಞ', 'ವಿಶಿಷ್ಟ' ಅಂತೆಲ್ಲ ಇದ್ದರೆ ಯಾರೂ ನಿಲ್ಲುತ್ತಿರಲಿಲ್ಲ. ಪುಟದ ಸಂಖ್ಯೆ ಕೊಟ್ಟರೆ ತೆರೆದು ನೋಡುತ್ತಿದ್ದೆವು. ಈಗ ನಾನು ಮಾಡುವ ಪ್ರಚಾರವೆಲ್ಲ ಆ ಚೀಟಿಯ ಕೆಲಸವೇ. ಯಾವ ಪುಟ, ಯಾರಿಗೆ, ಯಾವಾಗ, ಇಷ್ಟನ್ನು ನೋಡಿಕೊಳ್ಳುತ್ತೇನೆ.

2020ರ ಲಾಕ್‌ಡೌನಿನಲ್ಲಿ ಪತ್ರಿಕೆಗಳ ಪುಟ ಇಳಿಯಿತು. ಪುರವಣಿಗಳು ತೆಳ್ಳಗಾದವು, ಆಮೇಲೆ ಎಷ್ಟೋ ಪುರವಣಿಗಳು ಮೊದಲಿನ ದಪ್ಪಕ್ಕೆ ಬರಲೇ ಇಲ್ಲ. ಅದೇ ವರ್ಷ ಜೂನ್ ಕೊನೆಗೆ ಟಿಕ್‌ಟಾಕ್ ನಿಂತಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಮರುವರ್ಷ ಸಾಹಿತ್ಯದವರೆಲ್ಲ ಕ್ಲಬ್‌ಹೌಸ್ ಅನ್ನುವ ಹರಟೆಯ ಆ್ಯಪಿನಲ್ಲಿ ರಾತ್ರಿ ಹನ್ನೆರಡರ ತನಕ ಮಾತಾಡಿದರು, ಮತ್ತೊಂದು ವರ್ಷದಲ್ಲಿ ಅಲ್ಲಿ ಸದ್ದೇ ಇಲ್ಲ. ವಿಮರ್ಶೆಗೆ ಕೆಂಡಸಂಪಿಗೆ, ಅವಧಿ, ಬುಕ್ ಬ್ರಹ್ಮದಂಥ ಜಾಲತಾಣಗಳಲ್ಲಿ ಜಾಗ ಸಿಕ್ಕಿತು. ಆದರೆ ಅಲ್ಲಿಗೆ ಬರುವವರು ಮೊದಲೇ ಪುಸ್ತಕದ ಹುಚ್ಚಿರುವವರು. ಪೇಪರಿನಲ್ಲಿ ಹಾಗಿರಲಿಲ್ಲ. ಭವಿಷ್ಯ ನೋಡಲು ಪುಟ ತಿರುಗಿಸಿದವರ ಕಣ್ಣಿಗೂ ಪುಸ್ತಕ ಬೀಳುತ್ತಿತ್ತು. ಆ ಅಕಸ್ಮಾತ್ ಓದುಗರನ್ನು ಹುಡುಕುವುದೇ ಈಗ ಕಷ್ಟ.

ಹಾಗಂತ ಪೇಪರಿಗೆ ಕಳಿಸುವುದನ್ನು ನಾನು ಬಿಟ್ಟಿಲ್ಲ. ವಿಮರ್ಶೆ ಬಂದರೆ ಲೇಖಕರ ಮನೆಯಲ್ಲಿ ಹಬ್ಬ. ಆ ಕಟಿಂಗಿನ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹೋಗುತ್ತದೆ, ಪೇಪರಿನಲ್ಲಿ ಓದುವವರಿಗಿಂತ ಜಾಸ್ತಿ ಜನ ಅದನ್ನು ಫೋನಿನಲ್ಲೇ ನೋಡುತ್ತಾರೆ. ಪೇಪರಿನಲ್ಲಿ ಬಂದಿದೆ ಅಂದರೆ ಇವತ್ತಿಗೂ ಒಂದು ತೂಕ ಇದೆ. ಹಾಗಾಗಿ ವಿಮರ್ಶೆ ಬಂದ ಕೂಡಲೇ ಅದನ್ನು ನೆಟ್ಟಗೆ ಸ್ಕ್ಯಾನ್ ಮಾಡಿ, ಪತ್ರಿಕೆಯ ಹೆಸರು, ತಾರೀಖು ಕಾಣುವ ಹಾಗೆ ಇಟ್ಟು, ಲೇಖಕರಿಗೆ ಕಳಿಸುತ್ತೇನೆ. ಅವರೇ ತೆಗೆದ ಫೋಟೋದಲ್ಲಿ ಅರ್ಧ ಕಾಲಂ ಮಡಿಕೆಯೊಳಗೆ ಹೋಗಿರುತ್ತದೆ, ಮೂಲೆಯಲ್ಲಿ ಹೆಬ್ಬೆರಳು ಇರುತ್ತದೆ.

ಒಂದು ಪುಸ್ತಕದ ಕತೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪ್ರಬಂಧಗಳು. ಅಡಿಕೆ ತೋಟ, ಕೊನೆ (ಅಡಿಕೆ ಗೊನೆ) ಕೊಯ್ಲು, ಮಳೆಗಾಲ, ಮಕ್ಕಳು ಬೆಂಗಳೂರಿಗೆ ಹೋದ ಮೇಲಿನ ದೊಡ್ಡ ಮನೆ. ಬರವಣಿಗೆ ಬಹಳ ಚೆನ್ನಾಗಿತ್ತು, ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೊದಲ ಮುದ್ರಣ 500 ಪ್ರತಿ. ಲಲಿತ ಪ್ರಬಂಧ ಅಂತ ಹೇಳಿದರೆ ಅಂಗಡಿಯವರು ಐದು ಪ್ರತಿ ಇಟ್ಟುಕೊಂಡು ಸುಮ್ಮನಾಗುತ್ತಾರೆ. ನಾನು ಮೇಷ್ಟ್ರಿಗೆ ಫೋನ್ ಮಾಡಿ, ತೋಟದವರ ವಾಟ್ಸಾಪ್ ಗ್ರೂಪುಗಳಲ್ಲಿ ನೀವು ಇದ್ದೀರಾ ಅಂತ ಕೇಳಿದೆ.

"ಇದು ಸಾಹಿತ್ಯ ಕಣಪ್ಪ, ಕೃಷಿ ಮಾಹಿತಿ ಅಲ್ಲ" ಅಂದರು.

"ಹೌದು ಮೇಷ್ಟ್ರೇ. ತೋಟದವರು ಸಾಹಿತ್ಯ ಓದಲ್ಲ ಅಂತ ಯಾರು ಹೇಳಿದ್ದು?"

ಅವರು ಇದ್ದ ಗ್ರೂಪಿನಲ್ಲಿ ದಿನಾ ಸಂಜೆ ಧಾರಣೆ, ಅಂದರೆ ಅವತ್ತಿನ ಅಡಿಕೆ ಬೆಲೆ, ಬರುತ್ತಿತ್ತು. ಸಾಗರ, ಶಿರಸಿ, ಶಿವಮೊಗ್ಗ ಅಂತ ಮಾರುಕಟ್ಟೆಗಳ ಹೆಸರು, ಕೆಳಗೆ ರಾಶಿ, ಬೆಟ್ಟೆ, ಚಾಲಿ, ಸಿಪ್ಪೆಗೋಟು ಅಂತ ಅಡಿಕೆಯ ಬಗೆಗಳು. ಬೇರೆ ಏನು ಹಾಕಿದರೂ ಬೈಯುತ್ತಿದ್ದ ಗ್ರೂಪ್ ಅದು. ಹಾಗಾಗಿ ಪುಸ್ತಕದ ಮುಖಪುಟ, ಬಿಡುಗಡೆಯ ಆಹ್ವಾನ ಯಾವುದನ್ನೂ ಹಾಕಬೇಡಿ ಅಂದೆ. ಒಂದು ಪ್ರಬಂಧದಲ್ಲಿ ಕೊಳೆರೋಗದ ಮದ್ದು ಹೊಡೆಸುವ ದಿನದ ವರ್ಣನೆ ಇತ್ತು. ಮಳೆ ಹೊಳವಾಗಲಿ ಅಂತ ಕಾಯುತ್ತಾ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಜಗಲಿಯಲ್ಲಿ ಕೂತು ಕವಳ ಹಾಕುತ್ತಿರುತ್ತಾನೆ. ಮೈಲುತುತ್ತ, ಸುಣ್ಣ ಕಲಸಿದ ಮದ್ದು ಅವತ್ತೇ ಖರ್ಚಾಗಬೇಕು. ಯಜಮಾನ ಆಕಾಶ ನೋಡುತ್ತಾ ಒಳಗೂ ಹೊರಗೂ ಓಡಾಡುತ್ತಾನೆ. ಕೊನೆಗೆ ಕೊನೆಗೌಡ ಹತ್ತುತ್ತಾನೆ, ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ದಾಟುತ್ತಾನೆ, ಕೆಳಗೆ ನಿಂತವರ ಎದೆ ಢವಢವ. ಸುಮಾರು ಒಂದು ಪುಟ.

ಆ ಪುಟವನ್ನು ತೆಗೆದಿಟ್ಟುಕೊಂಡು ಕಾದೆವು. ಜುಲೈನಲ್ಲಿ ಮಳೆ ಹಿಡಿದು, ಗ್ರೂಪಿನಲ್ಲಿ ಎಲ್ಲರೂ ಮದ್ದು ಹೊಡೆಯಲು ಆಗುತ್ತಿಲ್ಲ ಅಂತ ಗೊಣಗುತ್ತಿದ್ದ ಸಂಜೆ, ಧಾರಣೆ ಬಂದ ಮೇಲೆ ಮೇಷ್ಟ್ರು ಅದನ್ನು ಹಾಕಿದರು. ಪಿಡಿಎಫ್ ಅಲ್ಲ, ಚಿತ್ರ ಅಲ್ಲ, ಸುಮ್ನೆ ಟೈಪ್ ಮಾಡಿದ ಅಕ್ಷರ. ಓದುವವರಲ್ಲಿ ಜಾಸ್ತಿ ಜನ ವಯಸ್ಸಾದವರು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಚಿತ್ರವಾದರೆ ಎಳೆದೆಳೆದು ನೋಡಬೇಕು. ಕೊನೆಯಲ್ಲಿ ಒಂದೇ ಸಾಲು: ಪುಸ್ತಕದ ಹೆಸರು, ಬೆಲೆ, ನಮ್ಮ ಫೋನ್ ನಂಬರ್. ಲಿಂಕ್ ಬೇಡ ಅಂದಿದ್ದೆ. ಲಿಂಕ್ ಒತ್ತಿದರೆ ಬ್ಯಾಂಕಿನ ದುಡ್ಡು ಹೋಗುತ್ತದೆ ಅಂತ ಮಕ್ಕಳು ದಿನಾ ಹೇಳಿರುತ್ತಾರೆ, ಯಾರು ಒತ್ತುತ್ತಾರೆ? ನಂಬರ್ ಆದರೆ ಫೋನ್ ಮಾಡಿ, ನಾವು ಯಾರು, ಎಲ್ಲಿಯವರು ಅಂತ ವಿಚಾರಿಸಬಹುದು. ನಿಜವಾಗಿಯೂ ಪುಸ್ತಕ ಕೇಳುವ ಮೊದಲು ಅದನ್ನೇ ವಿಚಾರಿಸಿದರು.

ಆ ರಾತ್ರಿ ಗ್ರೂಪಿನಲ್ಲಿ ಯಾರೂ ಬೈಯಲಿಲ್ಲ. ತಮ್ಮ ತಮ್ಮ ಕೊನೆಗೌಡರ ಕತೆ ಹೇಳತೊಡಗಿದರು. ಕೆಲವರು ವಾಯ್ಸ್ ಮೆಸೇಜಿನಲ್ಲಿ ಹವ್ಯಕ ಕನ್ನಡದಲ್ಲಿ ಉದ್ದುದ್ದ ಮಾತಾಡಿದರು. ಬೇರೆ ಊರುಗಳ ಗ್ರೂಪುಗಳಿಗೂ ಅದು ಹೋಯಿತು. ಅಲ್ಲಿಂದ ಬೆಂಗಳೂರಿನ ಫ್ಲಾಟುಗಳಿಗೆ ಬಂತು, ಅಂದರೆ ಆ ತೋಟದವರ ಮಕ್ಕಳಿಗೆ. ಚೆನ್ನಾಗಿ ಕೊಂಡವರು ಅವರೇ. ತಮಗೊಂದು ಪ್ರತಿ, ಊರಿನಲ್ಲಿರುವ ಅಪ್ಪನಿಗೊಂದು. ಅಮೆರಿಕದಲ್ಲಿ ಇರುವವರೊಬ್ಬರು ಶಿರಸಿ ಹತ್ತಿರದ ವಿಳಾಸ ಕೊಟ್ಟು, "ಯಾರು ಕಳಿಸಿದ್ದು ಅಂತ ಹೇಳ್ಬೇಡಿ, ಅಪ್ಪ ದುಡ್ಡು ದಂಡ ಅಂತಾರೆ" ಅಂದರು. ಕೃಷಿ ಪತ್ರಿಕೆಗಳಿಗೂ ಕಳಿಸಿದೆವು. ಪುತ್ತೂರಿನಿಂದ 1988ರಿಂದ ಬರುತ್ತಿರುವ ಅಡಿಕೆ ಪತ್ರಿಕೆಯನ್ನು ಆ ಭಾಗದಲ್ಲಿ ಮನೆಮಂದಿಯೆಲ್ಲ ಓದುತ್ತಾರೆ. ಅಂಥ ಕಡೆಗೆ ಸಾಹಿತ್ಯ ಪುಸ್ತಕ ಕಳಿಸಬೇಕು ಅಂತ ಪ್ರಕಾಶಕರಿಗೆ ಹೊಳೆಯುವುದು ಅಪರೂಪ. ಎರಡನೇ ಮುದ್ರಣಕ್ಕೆ ಹೋದ ಮೇಲೆ ಪೇಪರಿನಲ್ಲೂ ವಿಮರ್ಶೆ ಬಂತು.

ಪುಟ ತೆಗೆಯುವುದು ಕೇಳಲು ಸುಲಭ, ಮಾಡಲು ಕೂತರೆ ಇನ್ನೊಂದು ತಲೆನೋವು ಇದೆ. ನಮ್ಮ ಡಿಟಿಪಿಯವರ ಹಳೇ ಫೈಲುಗಳೆಲ್ಲ ನುಡಿ, ಶ್ರೀಲಿಪಿಯಂಥ ಹಳೇ ತಂತ್ರಾಂಶಗಳ ಅಕ್ಷರದಲ್ಲಿ. ಅದನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಫೋನಿನಲ್ಲಿ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆ ಒಂದೊಂದು ಪದವನ್ನೂ ನೋಡಬೇಕು. ಅರ್ಕಾವತ್ತು ಅತ್ತಿತ್ತ ಸರಿದಿರುತ್ತದೆ, ದೀರ್ಘ ಬಿಟ್ಟುಹೋಗಿರುತ್ತದೆ, ಎಲ್ಲೋ ಒಂದು ಒತ್ತಕ್ಷರ ಒಡೆದು ಎರಡಾಗಿರುತ್ತದೆ. ತಪ್ಪಿರುವ ಕನ್ನಡವನ್ನು ಹಂಚಿ, ಪುಸ್ತಕ ಕೊಳ್ಳಿ ಅಂತ ಕೇಳುವುದು ನಾಚಿಕೆಗೇಡು. ಈಗ ಹೊಸ ಪುಸ್ತಕಗಳನ್ನು ಮೊದಲಿಂದಲೇ ಯೂನಿಕೋಡಿನಲ್ಲಿ ಮಾಡಿಸುತ್ತೇವೆ. ಕರಡು ತಿದ್ದುವಾಗಲೇ ಯಾವ ಪುಟ ಹೊರಗೆ ಹೋಗಬಹುದು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಬಿಡುತ್ತೇನೆ.

ಬಿಡುಗಡೆ ಸಮಾರಂಭದ ಬಗ್ಗೆ ನನ್ನ ಅಭಿಪ್ರಾಯ ಲೇಖಕರಿಗೆ ಅಷ್ಟು ಹಿಡಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಹತ್ತೂವರೆ, ಬಸವನಗುಡಿ ಕಡೆಯ ಯಾವುದೋ ಸಭಾಂಗಣ, ಉಪ್ಪಿಟ್ಟು, ಕೇಸರಿಭಾತ್, ವೇದಿಕೆ ಮೇಲೆ ಆರು ಜನ. ಅವರಲ್ಲಿ ಒಬ್ಬರಾದರೂ ಹಳೇ ಕಾಲದ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದದ್ದನ್ನು ನೆನೆಯುತ್ತಾರೆ. ನೆನೆದವರು ಗೌರವ ಪ್ರತಿ ಇಸಿದುಕೊಂಡು ಕಾಫಿ ಕುಡಿದು ಹೋಗುತ್ತಾರೆ. ಬಂದವರೆಲ್ಲ ಲೇಖಕರ ನೆಂಟರು, ಸ್ನೇಹಿತರು. ಅವರು ಹೇಗೂ ಕೊಳ್ಳುತ್ತಿದ್ದರು. ಆದರೂ ಕಾರ್ಯಕ್ರಮ ಬೇಕು, ಯಾಕೆಂದರೆ ಬರೆದವರಿಗೆ ಅದು ಮದುವೆಯಷ್ಟೇ ದೊಡ್ಡ ದಿನ. ನಾನು ಅಲ್ಲಿ ನೋಡಿಕೊಳ್ಳುವುದು ಮಾರಾಟದ ಮೇಜು ಮಾತ್ರ. ಬಾಗಿಲ ಹತ್ತಿರ ಮೇಜು, ಕ್ಯೂಆರ್ ಕೋಡ್, ಚಿಲ್ಲರೆ, ಒಂದು ಉದ್ದದ ನೋಟ್‌ಬುಕ್.

ಆ ನೋಟ್‌ಬುಕ್ ನಮ್ಮ ಆಸ್ತಿ. ಕೊಂಡವರ ಹೆಸರು, ಊರು, ವಾಟ್ಸಾಪ್ ನಂಬರ್, ಯಾವ ಥರದ ಪುಸ್ತಕ ಇಷ್ಟ. ಹೊಸ ಪುಸ್ತಕ ಬಂದರೆ ತಿಳಿಸಬಹುದಾ ಅಂತ ಕೇಳಿಯೇ ಬರೆಸಿಕೊಳ್ಳುತ್ತೇವೆ, ಬೇಡ ಅಂದವರನ್ನು ಒತ್ತಾಯ ಮಾಡುವುದಿಲ್ಲ. ಫೇಸ್‌ಬುಕ್ಕಿನಲ್ಲಿ ನಮ್ಮ ಪುಟವನ್ನು ಸಾವಿರಾರು ಜನ ಮೆಚ್ಚಿಕೊಂಡಿದ್ದಾರೆ. ಪೋಸ್ಟ್ ಹಾಕಿದರೆ ಅವರಲ್ಲಿ ಎಷ್ಟು ಜನರಿಗೆ ಕಾಣಬೇಕು ಅಂತ ಫೇಸ್‌ಬುಕ್ಕೇ ತೀರ್ಮಾನ ಮಾಡುತ್ತದೆ. ನೋಟ್‌ಬುಕ್ಕಿಗೆ ಆ ತೊಂದರೆ ಇಲ್ಲ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಗೂ ಒಂದು ಷರತ್ತಿದೆ. ಒಂದು ಪಟ್ಟಿಗೆ 256 ಜನ, ಅದೂ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಹಾಗಾಗಿ ಪಾರ್ಸೆಲ್ ಕಳಿಸಿದ ದಿನ ಪ್ರತಿಯೊಬ್ಬರಿಗೂ ಫೋನ್ ಮಾಡಿ, "ಪುಸ್ತಕ ಹೊರಟಿದೆ, ನಮ್ಮ ನಂಬರ್ ಸೇವ್ ಮಾಡ್ಕೊಳಿ, ಬರದಿದ್ರೆ ಇದಕ್ಕೇ ಫೋನ್ ಮಾಡಿ" ಅನ್ನುತ್ತೇವೆ. ಪಟ್ಟಿಗಳನ್ನು ಆಸಕ್ತಿಯ ಮೇಲೆ ಬೇರೆ ಮಾಡಿದ್ದೇವೆ. ಕವಿತೆ ಬೇಡದವರಿಗೆ ಕವಿತೆ ಹೋಗುವುದಿಲ್ಲ. ಕವಿತೆಯ ಪಟ್ಟಿ ಚಿಕ್ಕದು, ಅದರಲ್ಲೂ ಅರ್ಧ ಕವಿಗಳೇ.

ನೇರ ಮಾರಾಟ ಲೆಕ್ಕದಲ್ಲೂ ಬೇಕು. ಅಂಗಡಿಗೆ ಮೂವತ್ತೈದು, ನಲವತ್ತು ಪರ್ಸೆಂಟ್ ಬಿಟ್ಟು, ದುಡ್ಡಿಗೆ ತಿಂಗಳುಗಟ್ಟಲೆ ಕಾದರೆ ಮುಂದಿನ ಪುಸ್ತಕದ ಕಾಗದಕ್ಕೆ ಸಾಲ ಮಾಡಬೇಕು. ನೇರ ಮಾರಾಟಕ್ಕೆ ಅಡ್ಡ ಬರುವುದು ಅಂಚೆ ಖರ್ಚು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದಾಗ ನಮ್ಮಂಥವರಿಗೆಲ್ಲ ದಿಕ್ಕು ತಪ್ಪಿದಂತಾಗಿತ್ತು. 2025ರ ಮೇ 1ರಿಂದ ಪುಸ್ತಕ ಕಳಿಸಲು ಜ್ಞಾನ್ ಪೋಸ್ಟ್ ಬಂತು, 300 ಗ್ರಾಂವರೆಗೆ ದರ 20 ರೂಪಾಯಿ. ಡೆಮಿ 1/8 ಅಳತೆಯ 200 ಪುಟದ ಪುಸ್ತಕ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದವಾದರೆ, ಕವರು ಸೇರಿ ಅದರೊಳಗೆ ಬರುತ್ತದೆ. ಈಗ ಪುಟ ವಿನ್ಯಾಸ ಮಾಡುವಾಗಲೇ ತಕ್ಕಡಿ ನೆನಪಾಗುತ್ತದೆ.

ವಿಡಿಯೋ ವಿಷಯಕ್ಕೆ ಬಂದರೆ, ಲೇಖಕರೇ ನಲವತ್ತು ಸೆಕೆಂಡ್ ಓದಿದ ರೀಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಿನ್ನೆಲೆ ಸಂಗೀತ ಬೇಡ, ಮನೆಯ ಸದ್ದೇ ಇರಲಿ. ಒಂದು ಗಂಟೆಯ ಯೂಟ್ಯೂಬ್ ಸಂದರ್ಶನದ ಬಗ್ಗೆ ನನಗೆ ಸ್ವಲ್ಪ ಅನುಮಾನ. ನಮ್ಮ ಲೇಖಕರು ಕ್ಯಾಮರಾ ಕಂಡರೆ ಇಡೀ ಕಾದಂಬರಿ ಹೇಳಿಬಿಡುತ್ತಾರೆ. ಕೇಳಿದವರಿಗೆ ಓದಿದಷ್ಟೇ ತೃಪ್ತಿಯಾಗುತ್ತದೆ, ಕೆಳಗೆ 'ಅದ್ಭುತ ಸರ್' ಅಂತ ಬರೆದು ಹೋಗುತ್ತಾರೆ. ಅದಕ್ಕೇ ಸಂದರ್ಶನದ ಹಿಂದಿನ ದಿನ ಫೋನ್ ಮಾಡಿ, ಇಂಥ ಅಧ್ಯಾಯದಿಂದ ಮುಂದೆ ಬಾಯಿ ಬಿಡಬೇಡಿ ಅಂತ ಕೈಮುಗಿಯುತ್ತೇನೆ. ದುಡ್ಡು ಕೊಟ್ಟರೆ ಹೊಗಳುತ್ತೇವೆ ಅನ್ನುವವರಿಗೆ ನಾವು ಕೊಡುವುದಿಲ್ಲ. ಜಾಹೀರಾತು ಅಂತ ಹೇಳಿಯೇ ಹಾಕುವುದಾದರೆ ಮಾತು ಬೇರೆ.

ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಪುಸ್ತಕದ ಗೊಡವೆಗೇ ಹೋಗದ ಟೀವಿಯಲ್ಲೂ ಸಣ್ಣಕತೆಯ ಮಾತು ಬಂತು. ಆ ವಾರ ನಮಗೆ ಫೋನ್ ಮಾಡಿದ ಎಷ್ಟೋ ಜನಕ್ಕೆ ನಮ್ಮ ಲೇಖಕಿಯರ ಹೆಸರು ಗೊತ್ತಿರಲಿಲ್ಲ. "ಕನ್ನಡದಲ್ಲಿ ಹೆಂಗಸರು ಬರೆದ ಕತೆ ಯಾವ್ದಿದೆ, ಕೊಡಿ" ಅಂತ ಕೇಳಿದರು. ಗೋಡೌನಿನಲ್ಲಿ ಧೂಳು ಹಿಡಿದಿದ್ದ ಕಥಾ ಸಂಕಲನಗಳನ್ನು ಕೆಳಗಿಳಿಸಿ, ಒಂದೊಂದರಿಂದ ಒಂದೊಂದು ಪುಟ ತೆಗೆದು ಕಳಿಸಿದೆವು. ಹಳೇ ಪುಸ್ತಕ ಹೀಗೆ ಯಾವತ್ತು ಹೊಸದಾಗುತ್ತದೋ ಹೇಳಲಾಗದು. ಅದಕ್ಕೆ ನುಡಿ ಫೈಲುಗಳನ್ನೂ ಈಗ ಒಂದೊಂದಾಗಿ ಪರಿವರ್ತಿಸಿ ಇಡುತ್ತಿದ್ದೇವೆ.

ಹೊಸ ಲೇಖಕರಿಗೆ ಮುದ್ರಣಕ್ಕೆ ಮೊದಲೇ ಒಂದು ಹಾಳೆ ಕೊಡುತ್ತೇನೆ. ಈ ಪುಸ್ತಕವನ್ನು ಓದಲೇಬೇಕಾದವರು ಯಾವ ಕೆಲಸ ಮಾಡುವವರು? ಅವರು ದಿನಾ ಫೋನಿನಲ್ಲಿ ಏನು ನೋಡುತ್ತಾರೆ? ಯಾವ ತಿಂಗಳಲ್ಲಿ ಅವರಿಗೆ ಇದು ನೆನಪಾಗಬಹುದು? 'ಎಲ್ಲರೂ ಓದಬೇಕು' ಅಂತ ಬರೆದುಕೊಟ್ಟವರಿಗೆ ಹಾಳೆ ವಾಪಸ್.

ಈಗ ಕೈಯಲ್ಲಿರುವುದು ನಿವೃತ್ತ ಲೈನ್‌ಮನ್ ಒಬ್ಬರ ನೆನಪುಗಳು. ಅವರು ಹಾಳೆಯನ್ನು ಎರಡೂ ಕಡೆ ತುಂಬಿಸಿ ಕೊಟ್ಟಿದ್ದಾರೆ: ಲೈನ್‌ಮನ್‌ಗಳ ಗ್ರೂಪುಗಳು, ನಿವೃತ್ತರ ಸಂಘ, ಹೆಂಡತಿಯ ಕಡೆಯ ಸ್ವಸಹಾಯ ಸಂಘ. ಮಳೆಯಲ್ಲಿ ಕಂಬ ಹತ್ತಿದಾಗ ಕೆಳಗಿನಿಂದ ಊರವರು ಬೈದ ಬೈಗುಳಗಳ ಒಂದು ಪುಟವನ್ನು ತೆಗೆದಿಟ್ಟಿದ್ದೇನೆ. ಮೇ ತಿಂಗಳ ಮೊದಲ ಗಾಳಿ ಮಳೆಗೆ ಕರೆಂಟ್ ಹೋದ ಸಂಜೆ ಅದು ಹೊರಡುತ್ತದೆ. ಕರೆಂಟ್ ಹೋದರೆ ಜನ ಫೋನ್ ನೋಡುತ್ತಾ ಕೂರುತ್ತಾರೆ, ಅಲ್ವಾ? ಚಾರ್ಜ್ ಇದ್ದರೆ.