ಕಾಲೇಜು ಅರ್ಜಿಯ ಪ್ರಬಂಧದಲ್ಲಿ ನಗು ತರುವುದು ಹೇಗೆ?

ಅಮೆರಿಕದ ಕಾಲೇಜುಗಳಿಗೆ ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಆನ್‌ಲೈನ್ ಅರ್ಜಿ) ಮೂಲಕ ಅರ್ಜಿ ಹಾಕುವಾಗ ನಿಮ್ಮ ದನಿ ಚೆನ್ನಾಗಿ ಕೇಳಿಸುವ ಜಾಗವೆಂದರೆ 250ರಿಂದ 650 ಪದಗಳ ಪ್ರಬಂಧ. ನಗಿಸುವ ಕಲೆ ಕೈಯಲ್ಲಿದ್ದರೆ ಅದನ್ನು ಇಲ್ಲಿಗೇ ಮೀಸಲಿಡಿ. ಚಟುವಟಿಕೆಗಳ ಪಟ್ಟಿಯಲ್ಲಿ ಒಂದೊಂದರ ವಿವರಣೆಗೆ ಸಿಗುವುದು 150 ಅಕ್ಷರ ಮಾತ್ರ. ಅಲ್ಲಿ ತಮಾಷೆ ಮಾಡಿದರೆ ಮಾಡಿದ ಕೆಲಸವೇ ಮರೆಯಾಗುತ್ತದೆ.

ಪ್ರಬಂಧಕ್ಕೆ ಆರಿಸಿಕೊಳ್ಳಲು ಕೊಡುವ ಏಳು ಪ್ರಶ್ನೆಗಳಲ್ಲಿ ಕೊನೆಯದು ನಿಮ್ಮಿಷ್ಟದ ವಿಷಯಕ್ಕೆ ಬಿಟ್ಟಿದ್ದು. ಅರ್ಜಿ ಹಾಕುವ ಪಾಡನ್ನೇ ಬರೆಯಬಹುದು, ಆದರೆ ಇಡೀ ಪಾಡನ್ನಲ್ಲ. ಪಿಎಸ್‌ಎಟಿ (ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗೆ ಪೂರ್ವಸಿದ್ಧತೆಯ ಪರೀಕ್ಷೆ) ಬರೆದ ಮೇಲೆ ಅಂಚೆಪೆಟ್ಟಿಗೆಗೆ ಬಂದು ಬೀಳುವ ಕಾಲೇಜು ಕರಪತ್ರಗಳು, ಸಂದರ್ಶನಕ್ಕೆಂದು ಕಟ್ಟಲು ಕಲಿತ ಟೈ, ಹೀಗೆ ಒಂದೇ ವಸ್ತು ಹಿಡಿಯಿರಿ. ‘ಬರೆಯಲು ಏನೂ ಹೊಳೆಯುತ್ತಿಲ್ಲ’ ಎಂಬುದನ್ನೇ ಪ್ರಬಂಧ ಮಾಡುವುದು ಬೇಡ. ಓದುವವರಿಗೆ ಅದು ಸವೆದ ನಾಣ್ಯ.

ಮೊದಲ ಕರಡು 900 ಪದವಾದರೂ ಚಿಂತೆಯಿಲ್ಲ. ಕತ್ತರಿಸುವಾಗ ನಗುವಿನ ವಿವರಣೆಗಳನ್ನು ಮೊದಲು ತೆಗೆಯಿರಿ, ಆಮೇಲೆ ಉದ್ಗಾರಚಿಹ್ನೆಗಳನ್ನು. ನಗು ಹುಟ್ಟಿಸುವ ಪದ ವಾಕ್ಯದ ಕೊನೆಗೆ ಬರಲಿ. ನಡುವೆ ಬಂದರೆ ಉಳಿದ ಮಾತು ಅದನ್ನು ತುಳಿದುಹಾಕುತ್ತದೆ. ‘ತುಂಬಾ ಕರಪತ್ರ’ ಎನ್ನಬೇಡಿ, ಎಣಿಸಿ ಬರೆಯಿರಿ. ಲೆಕ್ಕ ಖಚಿತವಾದಷ್ಟೂ ನಗು ಹೆಚ್ಚು.

ಹೆಚ್ಚು ಜನ ಎಡವುವುದು ಯಾರನ್ನು ನೋಡಿ ನಗಬೇಕು ಎಂಬಲ್ಲಿ. ಅಪ್ಪ-ಅಮ್ಮ, ಮೇಷ್ಟ್ರು, ಸಹಪಾಠಿಗಳನ್ನು ಗೇಲಿ ಮಾಡಿದರೆ ಬರೆದವರೇ ಸಣ್ಣವರಾಗಿ ಕಾಣುತ್ತಾರೆ. ನಿಮ್ಮ ತಪ್ಪನ್ನೇ ನೋಡಿ ನಗಿ, ನಿಮ್ಮ ಯೋಗ್ಯತೆಯನ್ನು ನೋಡಿ ಅಲ್ಲ. ‘ನಾನು ಮಹಾ ಸೋಮಾರಿ’ ಎಂದು ಬರೆದರೆ, ಶಿಕ್ಷಕರು ಶಿಫಾರಸು ಪತ್ರದಲ್ಲಿ ಹೊಗಳಿದ್ದಕ್ಕೆ ನೀವೇ ನೀರೆರಚಿದಂತೆ. ಕೊನೆಯ 150 ಪದಗಳಷ್ಟಾದರೂ, ಆ ವಸ್ತು ನಿಮ್ಮ ಯಾವ ಗುಣವನ್ನು ಹೊರತಂದಿತು ಎಂಬುದಕ್ಕೆ ಉಳಿಯಲಿ. ನಗಿಸಿ ಸುಮ್ಮನಾದ ಪ್ರಬಂಧದಿಂದ ನೀವು ಯಾರೆಂದು ಗೊತ್ತಾಗುವುದಿಲ್ಲ.

ನಿಮ್ಮ ಪರಿಚಯ ಅಷ್ಟಾಗಿ ಇಲ್ಲದ ಒಬ್ಬರಿಗೆ ಓದಲು ಕೊಡಿ. ನೀವೇ ಓದಿ ಹೇಳಬೇಡಿ, ಏಕೆಂದರೆ ನಿಮ್ಮ ದನಿಯ ಏರಿಳಿತ ಕಾಲೇಜಿನವರಿಗೆ ಕೇಳಿಸುವುದಿಲ್ಲ. ಓದಿದವರಿಗೆ ನಗು ಬಾರದ ಕಡೆ ಸಾಮಾನ್ಯವಾಗಿ ಹಿನ್ನೆಲೆಯ ಒಂದು ಸಾಲು ಕಡಿಮೆಯಾಗಿರುತ್ತದೆ.

ಹೊಸ ಸಾಲಿನ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ, ಬೇಗ ಅರ್ಜಿ ಹಾಕುವವರಿಗೆ ಅನೇಕ ಕಾಲೇಜುಗಳ ಗಡುವು ನವೆಂಬರ್ 1. ಬೇಸಿಗೆ ರಜೆಯಲ್ಲೇ ಬರೆದು ಎರಡು ವಾರ ಬದಿಗಿಡಿ; ಆಮೇಲೆ ಓದಿದಾಗಲೂ ನಗು ಬಂದ ಸಾಲುಗಳನ್ನಷ್ಟೇ ಉಳಿಸಿಕೊಳ್ಳಿ. ಇದೇ ಪ್ರಬಂಧ ಹಲವು ಕಾಲೇಜುಗಳಿಗೆ ಹೋಗುವುದರಿಂದ ಯಾವ ಕಾಲೇಜಿನ ಹೆಸರೂ ಒಳಗೆ ಬೇಡ. ಸಲ್ಲಿಸುವ ಮುನ್ನ ಪಿಡಿಎಫ್ ಮುನ್ನೋಟ ತೆರೆದು ಪ್ಯಾರಾಗಳು ಒಂದಕ್ಕೊಂದು ಅಂಟಿಕೊಂಡಿವೆಯೇ ನೋಡಿ. ಒಮ್ಮೆ ಕಳಿಸಿದ ಮೇಲೆ ಆ ಕಾಲೇಜಿಗೆ ಹೋದ ಪ್ರತಿಯನ್ನು ಅಲ್ಲಿ ತಿದ್ದಲಾಗುವುದಿಲ್ಲ.